ತುಟಿ ಓದುವವಳಿಗೆ ಕಿವಿ ಕೇಳಿಸುತ್ತದೆ ಎಂದು ಬರೆದವರಿಗೆ

ಮಾನ್ಯರೇ,

ನನ್ನ ತಂಗಿ ಮುನಿರತ್ನಮ್ಮನಿಗೆ ಎರಡೂ ಕಿವಿಗಳು ಚೆನ್ನಾಗಿ ಕೇಳಿಸುತ್ತವೆ ಎಂದು ತಾವು ಕಳೆದ ತಿಂಗಳು ಮೊಹರು ಹಾಕಿ ತಿಳಿಸಿದ್ದೀರಿ. ಇಷ್ಟು ಸಂತೋಷದ ಸುದ್ದಿಯನ್ನು ತಡಮಾಡದೆ ಹೇಳಬೇಕೆಂದು ಅವಳ ಮನೆಗೆ ಹೋದೆ. ಅವಳು ಬಾಗಿಲಿಗೆ ಬೆನ್ನು ಮಾಡಿಕೊಂಡು ಸೊಪ್ಪು ಸೋಸುತ್ತಿದ್ದಳು. ಹೊಸ್ತಿಲಲ್ಲಿ ನಿಂತು ನಾಲ್ಕು ಸಲ ಕೂಗಿದೆ. ಎದುರು ಮನೆಯವರು ಹೊರಗೆ ಬಂದು ಏನಾಯಿತೆಂದು ವಿಚಾರಿಸಿದರು. ಬೀದಿಯಲ್ಲಿ ಮಲಗಿದ್ದ ನಾಯಿ ಎದ್ದು ಬಂತು. ತಂಗಿ ಮಾತ್ರ ಸೊಪ್ಪು ಸೋಸುತ್ತಲೇ ಇದ್ದಳು. ಕೊನೆಗೆ ಒಳಗೆ ಹೋಗಿ ಹೆಗಲು ಮುಟ್ಟಿದೆ. "ಯಾವಾಗ್ ಬಂದೆ ಅಣ್ಣ?" ಎಂದಳು. ಅವಳಿಗೆ ಕಿವಿ ಕೇಳಿಸುತ್ತದೆ ಎನ್ನುವ ತಮ್ಮ ಪತ್ರವನ್ನು ಅವಳ ಕೈಗೆ ಕೊಟ್ಟೆ.

ಇದನ್ನು ತಮ್ಮ ಅಂಗವಿಕಲರ ಕಲ್ಯಾಣ ಕಚೇರಿಗೆ ಕಳಿಸುವುದು ಬಿಟ್ಟು ಪತ್ರಿಕೆಗೆ ಏಕೆ ಕಳಿಸಿದ್ದೇನೆ ಎಂದು ತಾವು ಬೇಸರಪಡಬಹುದು. ಕಚೇರಿಗೆ ಈಗಾಗಲೇ ಎರಡು ಪತ್ರ ಕೊಟ್ಟಿದ್ದೇನೆ. ಮೊದಲನೆಯದಕ್ಕೆ ಬಂದ ಉತ್ತರವೇ ಮೇಲೆ ಹೇಳಿದ ಶುಭ ಸಮಾಚಾರ. ಎರಡನೆಯದು ಪರಿಶೀಲನೆಯಲ್ಲಿದೆಯಂತೆ. ಪರಿಶೀಲನೆ ಎಂಬುದು ಎಷ್ಟು ದಿನ ಇರಬಹುದು ಎಂದು ಕೇಳಿದರೆ ಅದೂ ಪರಿಶೀಲನೆಯಲ್ಲಿದೆ. ಆದರೆ ನಮಗೆ ದಿನ ಇಲ್ಲ. ಶ್ರವಣದೋಷದ ಗುರುತಿನ ಚೀಟಿ ಈ ತಿಂಗಳ ಮೂವತ್ತರೊಳಗೆ ಕೈಗೆ ಬರದಿದ್ದರೆ ನನ್ನ ತಂಗಿಗೆ ಸಿಗಬೇಕಾದ ಕೆಲಸ ಬೇರೆಯವರ ಪಾಲಾಗುತ್ತದೆ. ನಲವತ್ತೊಂಬತ್ತು ವರ್ಷದ ಹೆಂಗಸಿಗೆ ಇನ್ನೊಂದು ಕೆಲಸ ಕರೆದು ಕೊಡುವವರು ಯಾರೂ ಇಲ್ಲ. ಅದಕ್ಕಾಗಿ ಈ ಬಹಿರಂಗ ಪತ್ರ.

ನಾನು ಯಾರೆಂದು ಹೇಳಿಬಿಡುತ್ತೇನೆ. ದೊಡ್ಡಬಳ್ಳಾಪುರದ ನೇಕಾರರ ಮನೆಯಲ್ಲಿ ಹುಟ್ಟಿದವನು. ಇಪ್ಪತ್ತೊಂಬತ್ತು ವರ್ಷಗಳಿಂದ ಇದೇ ಊರಿನ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಮೇಷ್ಟ್ರು. ಪ್ರತಿ ವರ್ಷ ಎಂಟನೇ ತರಗತಿಗೆ ಒಂದು ಪಾಠ ಮಾಡುತ್ತೇನೆ. ನೋಡುವುದಕ್ಕೆ ಒಂದೇ ಅನ್ನಿಸಿ, ಅರ್ಥದಲ್ಲಿ ದೂರ ನಿಲ್ಲುವ ಇಂಗ್ಲಿಷ್ ಪದಗಳ ಪಾಠ. ಸೀ ಎಂದರೆ ತಾನಾಗಿ ಕಣ್ಣಿಗೆ ಬೀಳುವುದು, ಲುಕ್ ಎಂದರೆ ನಾವಾಗಿ ಕಣ್ಣು ಹಾಯಿಸುವುದು, ವಾಚ್ ಎಂದರೆ ಕಣ್ಣು ಕೀಳದೆ ನೋಡುತ್ತಲೇ ಇರುವುದು. ಹಾಗೆಯೇ ಹಿಯರ್ ಮತ್ತು ಲಿಸನ್. ಸದ್ದು ತಾನಾಗಿ ಕಿವಿಗೆ ಬಿದ್ದರೆ ಹಿಯರ್. ಮನಸ್ಸಿಟ್ಟು ಗಮನ ಕೊಟ್ಟರೆ ಲಿಸನ್. ಮಕ್ಕಳಿಗೆ ಇದು ಒಂದೇ ಪೀರಿಯಡ್ಡಿನಲ್ಲಿ ತಲೆಗೆ ಹೋಗುತ್ತದೆ. ಕನ್ನಡದಲ್ಲೂ ಕೇಳಿಸುವುದು ಬೇರೆ, ಕೇಳುವುದು ಬೇರೆ ಅಲ್ಲವೇ? ಕಳೆದ ವರ್ಷ ಚೈತ್ರ ಎನ್ನುವ ಹುಡುಗಿಗೆ ಉದಾಹರಣೆ ಕೊಡು ಎಂದೆ. "ಸಾರ್, ನಮ್ಮಮ್ಮ ಬೈಯೋದು ನಮ್ಮಪ್ಪಂಗೆ ಹಿಯರ್ ಆಗುತ್ತೆ, ಆದ್ರೆ ಲಿಸನ್ ಮಾಡಲ್ಲ" ಎಂದಳು. ಹದಿಮೂರು ವರ್ಷದ ಹುಡುಗಿ. ಪೂರ್ತಿ ಅಂಕ ಕೊಟ್ಟೆ.

ಈಗ ತಮ್ಮ ತಪಾಸಣಾ ಶಿಬಿರದ ವೈದ್ಯರು ನನ್ನ ತಂಗಿಯ ಪರೀಕ್ಷೆಯ ಚೀಟಿಯಲ್ಲಿ ಬರೆದದ್ದನ್ನು ನೋಡೋಣ. 'ಲಿಸನ್ಸ್ ಅಂಡ್ ರೆಸ್ಪಾಂಡ್ಸ್ ವೆಲ್.' ಅದರ ಕೆಳಗಿನ ಸಾಲಿನಲ್ಲಿ 'ಹಿಯರಿಂಗ್ ನಾರ್ಮಲ್.' ಮೊದಲ ಸಾಲು ಅಕ್ಷರಶಃ ನಿಜ. ಎದುರಿಗಿರುವವರ ಮಾತಿಗೆ ಅವಳಷ್ಟು ಗಮನ ಕೊಡುವ ಇನ್ನೊಬ್ಬರನ್ನು ನಾನು ಕಂಡಿಲ್ಲ, ನನ್ನ ಶಾಲೆಯ ಸ್ಟಾಫ್ ರೂಮಿನಲ್ಲಂತೂ ಇಲ್ಲವೇ ಇಲ್ಲ. ಎರಡನೆಯ ಸಾಲು ಅಪ್ಪಟ ಸುಳ್ಳು. ಮೊದಲನೆಯದು ನಿಜವಾದ್ದರಿಂದ ಎರಡನೆಯದೂ ನಿಜ ಎಂದು ಆ ವೈದ್ಯರಿಗೆ ಹೇಳಿಕೊಟ್ಟವರು ಯಾರು? ನನ್ನ ಎಂಟನೇ ತರಗತಿಯಲ್ಲಿ ಹೀಗೆ ಬರೆದಿದ್ದರೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿ ಮತ್ತೆ ಬರೆಸುತ್ತಿದ್ದೆ. ತಮ್ಮಲ್ಲಿ ಅದಕ್ಕೆ ಮೊಹರು ಬಿದ್ದಿದೆ.

ತಾವು ಯಾವತ್ತಾದರೂ ನಮ್ಮೂರಿನ ಮಗ್ಗದ ಮನೆಯೊಳಗೆ ಕಾಲಿಟ್ಟಿದ್ದೀರಾ? ಕಾರಿನ ಗಾಜು ಏರಿಸಿಕೊಂಡು ಬೀದಿಯಲ್ಲಿ ಹೋಗುವಾಗ ಕೇಳಿಸುವ ಟಕಟಕ ಅಲ್ಲ ನಾನು ಹೇಳುತ್ತಿರುವುದು. ಶೀಟಿನ ಚಾವಣಿಯ ಕೆಳಗೆ ಎಂಟು ಪವರ್‌ಲೂಮ್‌ಗಳು ಒಟ್ಟಿಗೆ ಓಡುವಾಗ ನಡುವೆ ನಿಲ್ಲಬೇಕು. ಎಳೆ ಹೊತ್ತ ಲಾಳಿ ಈ ಬದಿಯಿಂದ ಆ ಬದಿಗೆ, ಆ ಬದಿಯಿಂದ ಈ ಬದಿಗೆ ಬಡಿಯುತ್ತಲೇ ಇರುತ್ತದೆ. ಒಂದೊಂದು ಮಗ್ಗದಲ್ಲೂ ಹಾಗೆಯೇ, ಬೆಳಿಗ್ಗೆಯಿಂದ ಸಂಜೆಯವರೆಗೆ. ಪಕ್ಕದಲ್ಲಿ ನಿಂತವರ ಕಿವಿಗೆ ಬಾಯಿಟ್ಟು ಕಿರುಚಿದರೂ ಬಿಸಿ ಗಾಳಿ ತಾಗುತ್ತದೆಯೇ ಹೊರತು ಮಾತು ತಾಗುವುದಿಲ್ಲ. ಅದಕ್ಕೇ ಅಲ್ಲಿ ಯಾರೂ ಕಿರುಚುವುದಿಲ್ಲ. ದನಿಯನ್ನು ಪೂರ್ತಿ ಬಿಟ್ಟು ಬರೀ ತುಟಿಯಲ್ಲಿ ಮಾತಾಡುತ್ತಾರೆ. ತುಟಿಯನ್ನು ಒಂದಿಷ್ಟು ಅಗಲಿಸಿ, ನಿಧಾನವಾಗಿ, ಮಾತಿಗೆ ತಕ್ಕಂತೆ ಹುಬ್ಬನ್ನೂ ಕೈಯನ್ನೂ ಆಡಿಸುತ್ತಾ. ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಜಗಳ, ಯಾರ ಸೊಸೆ ತವರಿಗೆ ಹೋದಳು, ಎಲ್ಲವೂ ಒಂದು ಮಗ್ಗದಿಂದ ಇನ್ನೊಂದು ಮಗ್ಗಕ್ಕೆ ಸದ್ದಿಲ್ಲದೆ ದಾಟುತ್ತದೆ. ಕೆಲಸಕ್ಕೆ ಸೇರಿದವರು ಆರು ತಿಂಗಳಲ್ಲಿ ಇದನ್ನು ಕಲಿಯುತ್ತಾರೆ. ಇದಕ್ಕೊಂದು ಹೆಸರಿದೆ ಎಂದು ಕೂಡ ಅವರಿಗೆ ಗೊತ್ತಿಲ್ಲ, ಮಾತು ಎಂದೇ ಕರೆಯುತ್ತಾರೆ.

ಮುನಿರತ್ನಮ್ಮ ಹದಿಮೂರನೆಯ ವಯಸ್ಸಿಗೆ ಮಗ್ಗದ ಮುಂದೆ ನಿಂತವಳು. ಆಗ ನಾನು ಕಾಲೇಜಿನಲ್ಲಿದ್ದೆ. ಮನೆಯಲ್ಲಿ ಒಬ್ಬರು ಓದಬಹುದಿತ್ತು, ಇಬ್ಬರಿಗಾಗುತ್ತಿರಲಿಲ್ಲ. ಒಬ್ಬರು ಯಾರು ಎಂದು ಅವಳನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಮೂವತ್ತಾರು ವರ್ಷ ಅವಳು ಮಗ್ಗ ಓಡಿಸಿದಳು, ತುಟಿ ಓದುವುದರಲ್ಲಿ ಇಡೀ ಬೀದಿಯಲ್ಲಿ ಅವಳನ್ನು ಮೀರಿಸುವವರಿಲ್ಲ. ನಮ್ಮ ಚಿಕ್ಕಪ್ಪನ ಮಗಳು ರಮ್ಯಳನ್ನು ನೋಡಲು ಹೊಸಕೋಟೆ ಕಡೆಯಿಂದ ಗಂಡಿನವರು ಬಂದಿದ್ದಾಗ, ಹಜಾರದ ಆ ಮೂಲೆಯಲ್ಲಿ ಹುಡುಗನ ತಾಯಿ ತಮ್ಮ ಮಗಳಿಗೆ ಏನೋ ಪಿಸುಗುಟ್ಟಿದರು. ಅಡುಗೆಮನೆಯ ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತಿದ್ದ ನನ್ನ ತಂಗಿ ತಟ್ಟೆಯನ್ನು ಅಲ್ಲೇ ಇಟ್ಟು ಚಿಕ್ಕಪ್ಪನನ್ನು ಹಿತ್ತಲಿಗೆ ಕರೆದಳು. "ಈಗೇನೂ ಕೇಳೋದ್ ಬ್ಯಾಡ, ಛತ್ರ ಬುಕ್ ಆದ್ಮೇಲೆ ಸೈಟ್ ಕೇಳಣ ಅಂತಾವ್ರೆ ಚಿಕ್ಕಪ್ಪ" ಎಂದಳು. ಸಂಬಂಧ ಅಲ್ಲಿಗೆ ನಿಂತಿತು. ಅಷ್ಟು ದೂರದ ಪಿಸುಮಾತು ಕೇಳಿಸಿಕೊಂಡ ಇವಳದು ಎಂಥ ಕಿವಿ ಎಂದು ಗಂಡಿನವರು ಇವತ್ತಿಗೂ ಆಶ್ಚರ್ಯಪಡುತ್ತಾರಂತೆ. ಆಗಲೇ ಅವಳ ಕಿವಿ ಅರ್ಧ ಹೋಗಿತ್ತು.

ಕಿವಿ ಹೋದದ್ದು ಯಾರಿಗೂ ತಿಳಿಯದೇ ಹೋದದ್ದು ಹೀಗೆಯೇ. ಮಗ್ಗದ ಮನೆಯಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ. ಹಾಗಾಗಿ ಅಲ್ಲಿ ಕಿವುಡರು ಯಾರು, ಅಲ್ಲದವರು ಯಾರು ಎಂದು ಹೇಳಲಾಗುವುದಿಲ್ಲ. ಮನೆಯಲ್ಲೂ ಮುಖ ನೋಡಿ ಮಾತಾಡಿದರೆ ಎಲ್ಲಕ್ಕೂ ಸರಿಯಾಗಿ ಉತ್ತರ ಕೊಡುತ್ತಿದ್ದಳು. ಮಗಳು ರಂಜಿತಳ ಫೋನ್ ಬಂದರೆ ಮಾತ್ರ ಗಂಡ ಕೆಂಪರಾಜನ ಕೈಗೆ ಕೊಟ್ಟುಬಿಡುತ್ತಿದ್ದಳು. ಮಗಳ ಮೇಲೆ ಏನೋ ಮುನಿಸು ಎಂದು ನಾವು ತಿಳಿದೆವು. ಒಂದು ದಿನ ಅವಳೇ ನನ್ನ ಹತ್ತಿರ ಹೇಳಿದಳು, "ಕರೆಂಟ್ ಹೋದ್ರೆ ಎಲ್ರೂ ಉಸ್ಸಂತ ಕೂತ್ಕೋತಾರೆ ಅಣ್ಣ. ನಂಗೆ ಮಗ್ಗ ನಿಲ್ಲೋದೇ ಇಲ್ಲ. ತಲೇಲಿ ಬಡೀತಾನೇ ಇರುತ್ತೆ." ಅದು ನಾಲ್ಕು ವರ್ಷದ ಹಿಂದಿನ ಮಾತು. ವಯಸ್ಸು, ಬಿಸಿಲು, ರಕ್ತದೊತ್ತಡ ಎಂದು ಏನೇನೋ ಸಮಾಧಾನ ಹೇಳಿ ನಾನು ಶಾಲೆಗೆ ಹೋದೆ.

ಈ ಯುಗಾದಿ ಕಳೆದ ಮೇಲೆ ಮಗ್ಗದ ಮಾಲೀಕರು ಅಪ್ಪಯ್ಯಣ್ಣನವರು ಹಳೆಯ ಮಗ್ಗಗಳನ್ನು ತೆಗೆದು ಹೊಸ ಮಾದರಿಯವನ್ನು ತಂದರು. ಹೊಸದಕ್ಕೆ ಇಬ್ಬರು ಸಾಕು. ಅವರನ್ನು ನಾನು ದೂರುವುದಿಲ್ಲ. ಅವರು ಮುನಿರತ್ನಮ್ಮನಿಗೆ ಸೀರೆ ಕೊಟ್ಟು, ಕಣ್ಣೀರು ಹಾಕಿ ಕಳಿಸಿದರು. ಆಮೇಲೆ ಅವಳು ಊರಾಚೆಯ ಸಿದ್ಧ ಉಡುಪಿನ ಕಾರ್ಖಾನೆಯೊಂದಕ್ಕೆ ಕೆಲಸ ಕೇಳಿಕೊಂಡು ಹೋದಳು. ಅಲ್ಲಿ ಕೆಲಸಕ್ಕೆ ತೆಗೆದುಕೊಳ್ಳುವ ಅಧಿಕಾರಿ ಅರ್ಪಿತ ಎಂಬ ಹುಡುಗಿ. ಎದುರು ಕೂರಿಸಿ ಮಾತಾಡಿಸಿದಾಗ ಎಲ್ಲವೂ ಸರಿಹೋಯಿತು. ಆಮೇಲೆ ಕೆಲಸದ ಜಾಗ ತೋರಿಸಲು ಕರೆದುಕೊಂಡು ಹೋದಳು. ಹಿಂದಿನಿಂದ ಬಟ್ಟೆ ತುಂಬಿದ ಗಾಡಿ ಹಾರ್ನ್ ಹೊಡೆಯುತ್ತಾ ಬಂತು. ಅರ್ಪಿತ ಪಕ್ಕಕ್ಕೆ ಸರಿದಳು. ಮುನಿರತ್ನಮ್ಮ ಸರಿಯಲಿಲ್ಲ. ಗಾಡಿಯವನು ಅವಳ ಹಿಮ್ಮಡಿಯ ಹತ್ತಿರ ಬ್ರೇಕ್ ಹಾಕಿದ.

"ಆಂಟಿ, ನಿಮಗೆ ಕಿವಿ ಕೇಳ್ಸಲ್ವಾ?" ಎಂದು ಅರ್ಪಿತ ಅವಳ ಮುಂದೆ ಬಂದು ಕೇಳಿದಳು.

"ಇಲ್ಲ ಕಣಮ್ಮ" ಎಂದಳು ನನ್ನ ತಂಗಿ. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

ಆ ಹುಡುಗಿ ಅವಳನ್ನು ಹೊರಗೆ ಕಳಿಸಲಿಲ್ಲ. ಕಿವಿ ಕೇಳಿಸದ ಹೆಂಗಸರಿಗೆಂದೇ ಅಲ್ಲಿ ಹೊಲಿಗೆ ಯಂತ್ರಗಳ ಬೇರೆ ಸಾಲೊಂದಿದೆಯಂತೆ. ಗಾಡಿ ಅಲ್ಲಿಗೆ ಬರುವುದಿಲ್ಲ. ಬೆಂಕಿಯ ಎಚ್ಚರಿಕೆಗೆ ಗಂಟೆಯ ಬದಲು ಕೆಂಪು ದೀಪ ಉರಿಯುತ್ತದೆ. ಒಂದು ಜಾಗ ಖಾಲಿ ಇದೆ. ಆದರೆ ಆ ಸಾಲಿಗೆ ಸೇರಿಸಿಕೊಳ್ಳಲು ಸರ್ಕಾರದ ಗುರುತಿನ ಚೀಟಿ ಬೇಕು. "ಇನ್ನೆರಡ್ ತಿಂಗ್ಳು, ಮೂವತ್ತನೇ ತಾರೀಕಿನವರ್ಗೂ ಯಾರನ್ನೂ ತಗೊಳಲ್ಲ ಆಂಟಿ, ಅಷ್ಟರೊಳಗೆ ಕಾರ್ಡ್ ತಂದ್ಬಿಡಿ" ಎಂದಳಂತೆ. ಮುನಿರತ್ನಮ್ಮ ಮನೆಗೆ ಬಂದು ಇದನ್ನೆಲ್ಲ ಹೇಳುವಾಗ ಅವಳ ಮುಖ ನೋಡಬೇಕಿತ್ತು. ಕಿವಿ ಹೋದದ್ದರಿಂದ ಮೊದಲ ಸಲ ಒಂದು ಒಳ್ಳೆಯದು ಆಗುವುದರಲ್ಲಿತ್ತು. ಬಟ್ಟೆ ನೇಯ್ದವಳು ಬಟ್ಟೆ ಹೊಲಿಯುವುದು ದೊಡ್ಡದೇ ಎಂದು ಆ ದಿನವೇ ಪಕ್ಕದ ಮನೆಯ ಹೊಲಿಗೆ ಯಂತ್ರದ ಮುಂದೆ ಕೂತಳು.

ಕಾರ್ಖಾನೆಯವರು ಹಾರ್ನ್ ಹೊಡೆದು ನೋಡಿ ಇವಳಿಗೆ ಕೇಳಿಸುವುದಿಲ್ಲ ಎನ್ನುತ್ತಾರೆ, ಮಾಮೂಲಿ ಸಾಲಿಗೆ ಸೇರಿಸುವುದಿಲ್ಲ. ತಾವು ಯಾವ ಹಾರ್ನೂ ಹೊಡೆಯದೆ ಕೇಳಿಸುತ್ತದೆ ಎನ್ನುತ್ತೀರಿ, ವಿಶೇಷ ಸಾಲಿಗೆ ಸೇರಲು ಬಿಡುವುದಿಲ್ಲ. ನನ್ನ ತಂಗಿ ಎಲ್ಲಿ ಹೋಗಬೇಕು ಸ್ವಾಮಿ?

ಶಿಬಿರದ ದಿನದ ವೈಭವವನ್ನೂ ಸಾರ್ವಜನಿಕರು ತಿಳಿಯಬೇಕು. ಕಿವಿ ಕೇಳಿಸದ ಸುಮಾರು ನಲವತ್ತು ಜನ ಜಗಲಿಯಲ್ಲಿ ಕೂತಿದ್ದರು. ತಮ್ಮ ಸಿಬ್ಬಂದಿ ಬಾಗಿಲ ಒಳಗಿನಿಂದ, ಪರದೆಯ ಹಿಂದಿನಿಂದ, ಒಬ್ಬೊಬ್ಬರ ಹೆಸರು ಕೂಗುತ್ತಿದ್ದರು. ಮೂರು ಸಲ ಕೂಗಿದ ಮೇಲೂ ಬಾರದವರನ್ನು ಗೈರುಹಾಜರು ಎಂದು ಬರೆದುಕೊಳ್ಳುತ್ತಿದ್ದರು. ನಾನು ತಮಾಷೆ ಮಾಡುತ್ತಿಲ್ಲ. ಆವತಿ ಕಡೆಯಿಂದ ಬಂದಿದ್ದ ವೆಂಕಟರಮಣಪ್ಪ ಎಂಬ ಹಿರಿಯರು ಬೆಳಿಗ್ಗೆ ಏಳಕ್ಕೆ ಬಂದು ಬಾಗಿಲಿಗೆ ಅಂಟಿಕೊಂಡಂತೆ ಕೂತಿದ್ದರು, ಅವರೂ ಗೈರುಹಾಜರು. ಮಧ್ಯಾಹ್ನ ಯಾರೋ ಬರೆದು ತೋರಿಸಿದಾಗ ಅವರು ಮುಖ ಒರೆಸಿಕೊಂಡು ಎದ್ದು ಹೋದರು. ನನ್ನ ತಂಗಿಯ ಹೆಸರು ಕೂಗಿದಾಗ ನಾನು ಅವಳ ತೋಳು ಮುಟ್ಟಿ ಎಬ್ಬಿಸಿದೆ. ಜೊತೆಯವರಿಗೆ ಒಳಗೆ ಪ್ರವೇಶವಿಲ್ಲ ಎಂದರು. ಕಿವಿ ಪರೀಕ್ಷಿಸುವ ಯಂತ್ರ ರಿಪೇರಿಗೆ ಹೋಗಿದೆ ಎಂಬ ಚೀಟಿಯನ್ನು ಬಾಗಿಲಿಗೆ ಅಂಟಿಸಿದ್ದರು. ವೈದ್ಯರು ಮಾತಾಡಿಸಿ ನೋಡುತ್ತಾರೆ, ಅವರಿಗೆ ಅನುಮಾನ ಬಂದವರನ್ನು ಮಾತ್ರ ಬೆಂಗಳೂರಿನ ಯಂತ್ರಕ್ಕೆ ಕಳಿಸುತ್ತಾರೆ ಎಂದು ವಿವರಿಸಿದರು.

ಒಳಗೆ ನಡೆದದ್ದನ್ನು ಅವಳೇ ನನಗೆ ಹೇಳಿದ್ದಾಳೆ. ವೈದ್ಯರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ಕಿಟಕಿಯ ಬೆಳಕು ಅವರ ಮುಖದ ಮೇಲೆ ಬೀಳುತ್ತಿತ್ತು. ಮೇಜಿನ ಈಚೆಗೆ ಕುರ್ಚಿ ಹಾಕಿ ಹತ್ತಿರವೇ ಕೂರಿಸಿಕೊಂಡರು. ಕಿವಿ ಮಂದವಿರುವವರು ಎಂದು ಮಾತನ್ನು ನಿಧಾನವಾಗಿ, ತುಟಿ ಬಿಡಿಸಿ ಆಡಿದರು. ಹೆಸರು ಕೇಳಿದರು, ಹೇಳಿದಳು. ಊರು ಕೇಳಿದರು, ಹೇಳಿದಳು. "ಊಟ ಆಯ್ತಾ ಅಮ್ಮ?" ಎಂದರು. "ಆಯ್ತು ಸಾಮಿ, ನಿಮ್ದಿನ್ನೂ ಆಗಿಲ್ವೇನೋ" ಎಂದಳು. ಅವರು ನಕ್ಕು ಬರೆದರು. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ.

ಹೊರಗೆ ಬಂದವಳು ತುಂಬಾ ಖುಷಿಯಾಗಿದ್ದಳು. "ಎಲ್ಲಾ ಸರ್ಯಾಗ್ ಹೇಳ್ದೆ ಅಣ್ಣ, ಒಂದೂ ತಪ್ಪಾಗ್ಲಿಲ್ಲ" ಎಂದಳು. ಪರೀಕ್ಷೆ ಎಂದರೆ ಸರಿಯಾದ ಉತ್ತರ ಕೊಡಬೇಕು ಎಂದು ಅವಳು ತಿಳಿದಿದ್ದಳು. ಏಳನೇ ತರಗತಿಗೆ ಶಾಲೆ ಬಿಟ್ಟವಳು, ಆಮೇಲೆ ಅವಳನ್ನು ಯಾರೂ ಪರೀಕ್ಷೆಗೆ ಕೂರಿಸಿರಲಿಲ್ಲ. ಮೂವತ್ತಾರು ವರ್ಷದ ಮೇಲೆ ಒಂದು ಪರೀಕ್ಷೆ ಬಂತು, ಅದರಲ್ಲಿ ಪೂರ್ತಿ ಅಂಕ ತೆಗೆದಳು, ಅದಕ್ಕೇ ಫೇಲಾದಳು.

ಇನ್ನು ನನ್ನ ತಪ್ಪಿನ ವಿಚಾರ. ತಾವು ಅದನ್ನು ಪತ್ರದಲ್ಲಿ ಎತ್ತಿ ತೋರಿಸಿದ್ದೀರಿ, ನಾನು ಮುಚ್ಚಿಡುವುದಿಲ್ಲ. ಅರ್ಜಿ ತುಂಬಿದವನು ನಾನು. ಅರ್ಜಿದಾರರು ಇತರರೊಂದಿಗೆ ಹೇಗೆ ವ್ಯವಹರಿಸುತ್ತಾರೆ ಎಂಬ ಕಾಲಮ್ಮಿನಲ್ಲಿ, ಅವಳಿಗೆ ಹೇಳಿದ್ದೆಲ್ಲ ಅರ್ಥವಾಗುತ್ತದೆ, ಸ್ಪಷ್ಟವಾಗಿ ಮಾತಾಡುತ್ತಾಳೆ ಎಂದು ಅಂದವಾದ ಇಂಗ್ಲಿಷಿನಲ್ಲಿ ಬರೆದೆ. ಯಾಕೆ ಬರೆದೆ? ಕಿವಿ ಕೇಳಿಸದವರನ್ನು ಜನ ಬುದ್ಧಿ ಇಲ್ಲದವರಂತೆ ಕಾಣುತ್ತಾರೆ. ಬ್ಯಾಂಕಿನಲ್ಲಿ ಒಬ್ಬಾತ ಅವಳ ಮುಂದೆಯೇ "ಈಯಮ್ಮಂಗೆ ತಲೆ ಸರಿ ಇಲ್ವಾ?" ಎಂದು ನನ್ನನ್ನು ಕೇಳಿದ್ದ. ಅವಳು ಅದನ್ನೂ ಓದಿದ್ದಳು. ನನ್ನ ತಂಗಿ ದಡ್ಡಿಯಲ್ಲ ಎಂದು ಸರ್ಕಾರಕ್ಕೆ ಗೊತ್ತಾಗಲಿ ಎಂದು ಬರೆದೆ. ನನ್ನ ಇಂಗ್ಲಿಷಿನ ಮೇಲೆ ನನಗಿರುವ ಹೆಮ್ಮೆಯೂ ಅದರಲ್ಲಿ ಸ್ವಲ್ಪ ಇತ್ತು, ಒಪ್ಪಿಕೊಳ್ಳುತ್ತೇನೆ. ಡೆಫ್ ಎಂದು ಬರೆಯಬೇಕಾದಲ್ಲಿ ಕೈ ಏಳಲಿಲ್ಲ. ಒಡಹುಟ್ಟಿದವಳನ್ನು ಕಿವುಡಿ ಎಂದು ಕರೆದಂತಾಗುತ್ತದೆ ಎನ್ನಿಸಿ, ಹಾರ್ಡ್ ಆಫ್ ಹಿಯರಿಂಗ್ ಎಂಬ ಮೆತ್ತನೆಯ ಮಾತು ಹಾಕಿದೆ. ಮರ್ಯಾದೆಗೆ ಆರಿಸಿದ ಪದ ಬೇರೆ, ಸತ್ಯಕ್ಕೆ ಬೇಕಾದ ಪದ ಬೇರೆ. ಮಕ್ಕಳಿಗೆ ಹೇಳಿಕೊಡುವ ನನಗೆ ಇದು ಹೊಳೆಯಲಿಲ್ಲ.

ತಾವು ನನ್ನ ಆ ವಾಕ್ಯವನ್ನೇ ಹಿಡಿದಿರಿ. 'ಅರ್ಜಿದಾರರು ತಮಗೆ ಹೇಳಿದ್ದೆಲ್ಲವೂ ಅರ್ಥವಾಗುತ್ತದೆಂದು ಸ್ವತಃ ಒಪ್ಪಿಕೊಂಡಿರುವುದರಿಂದ ಮರುಪರೀಕ್ಷೆಯ ಅಗತ್ಯ ಕಂಡುಬರುವುದಿಲ್ಲ.' ಅರ್ಥವಾಗುವುದಕ್ಕೂ ಕೇಳಿಸುವುದಕ್ಕೂ ನಡುವೆ ಒಂದು ಮುಖ ಇದೆ, ಎರಡು ತುಟಿಗಳಿವೆ, ಹಗಲಿನ ಬೆಳಕಿದೆ. ಆ ಮುಖ ಆಚೆ ತಿರುಗಿದರೆ ಅವಳಿಗೆ ಏನೂ ಇಲ್ಲ. ಈ ಪತ್ರ ತಮಗೆ ಅರ್ಥವಾಗುತ್ತಿದೆ ಎಂದು ನಂಬಿದ್ದೇನೆ. ನನ್ನ ದನಿ ತಮಗೆ ಕೇಳಿಸುತ್ತಿದೆಯೇ? ಕೇಳಿಸದೆಯೇ ಅರ್ಥವಾಗುತ್ತಿದೆ ಅಲ್ಲವೇ? ಹಾಗಾದರೆ ನನ್ನ ತಂಗಿಗೂ ಅಷ್ಟು ಬಿಟ್ಟುಕೊಡಿ.

ಕಿವುಡರು ಎನ್ನಬಾರದು, ಶ್ರವಣದೋಷವುಳ್ಳವರು ಎನ್ನಬೇಕು ಎಂದು ತಮ್ಮ ಕಚೇರಿಯ ಗೋಡೆಯ ಮೇಲೆ ಸುಂದರ ಅಕ್ಷರಗಳಲ್ಲಿ ಬರೆಸಿದ್ದೀರಿ. ಹ್ಯಾಂಡಿಕ್ಯಾಪ್ಡ್ ಹೋಗಿ ಡಿಸೇಬಲ್ಡ್ ಬಂತು, ಅದೂ ಒರಟು ಎನ್ನಿಸಿ ಡಿಫರೆಂಟ್ಲಿ ಏಬಲ್ಡ್ ಬಂತು. ಯಾವ ಪದದಿಂದ ಯಾರ ಮನಸ್ಸಿಗೆ ನೋವಾಗುತ್ತದೆ ಎಂದು ಇಷ್ಟು ಸೂಕ್ಷ್ಮವಾಗಿ ಅಳೆಯುವ ಇಲಾಖೆಗೆ, ಹಿಯರ್ ಮತ್ತು ಲಿಸನ್ ನಡುವಿನ ಅಂತರ ಮಾತ್ರ ಅಷ್ಟೇನೂ ಮುಖ್ಯ ಎನ್ನಿಸಲಿಲ್ಲ. ನಿಜ ಹೇಳಬೇಕೆಂದರೆ ನನ್ನ ತಂಗಿಯನ್ನು ಯಾವ ಹೆಸರಿನಿಂದ ಕರೆದರೂ ಅವಳಿಗೆ ಬೇಜಾರಿಲ್ಲ. ಕರೆಯುವಾಗ ಮುಖ ಕಾಣುವಂತೆ ನಿಂತರೆ ಸಾಕು.

ಎರಡನೆಯ ಪತ್ರ ಕೊಡಲು ತಮ್ಮ ಕಚೇರಿಗೆ ಬಂದಾಗ ತಾವು ಸಭೆಯಲ್ಲಿದ್ದಿರಿ. ತಮ್ಮ ಗುಮಾಸ್ತರು ಪಾಪ ಸಜ್ಜನರು. ಅಕ್ಕಪಕ್ಕ ನೋಡಿ, ನನ್ನನ್ನು ಕಪಾಟಿನ ಮರೆಗೆ ಕರೆದು ಉಪಾಯ ಹೇಳಿಕೊಟ್ಟರು. "ಮೇಷ್ಟ್ರೇ, ಇಪ್ಪತ್ತೇಳಕ್ಕೆ ಇನ್ನೊಂದ್ ಕ್ಯಾಂಪ್ ಐತೆ. ಅಲ್ಲಿಗೆ ಹೊಸಾ ಅರ್ಜಿ ಹಾಕ್ಸಿ. ನಿಮ್ ತಂಗೀಗೆ ಹೇಳಿ, ಡಾಕ್ಟ್ರು ಮುಖ ನೋಡೋದೇ ಬ್ಯಾಡ. ನೆಲ ನೋಡ್ಕಂಡ್ ಕೂತಿರ್ಲಿ. ಏನ್ ಕೇಳಿದ್ರೂ ಬಾಯಿ ಬಿಡ್ಬಾರ್ದು. ಸುಳ್ಳು ಕಿವುಡ್ರೆಲ್ಲ ಹಂಗೇ ಮಾಡಿ ಕಾರ್ಡ್ ತಗೊಂಡ್ ಹೋಗ್ತಾರೆ."

ಸುಳ್ಳು ಕಿವುಡರು ಮಾಡುವುದನ್ನು ನಿಜವಾದ ಕಿವುಡಿ ಮಾಡಿದರೆ ನಿಜವಾದ ಚೀಟಿ ಸಿಗುತ್ತದೆ. ತಮ್ಮ ಕಚೇರಿಯಿಂದ ನನಗೆ ಸಿಕ್ಕಿದ ಒಂದೇ ಒಂದು ಉಪಯುಕ್ತ ಮಾಹಿತಿ ಇದು.

ಮನೆಗೆ ಬಂದು ಹೇಳಿದೆ. ಅವಳು ಒಪ್ಪಲಿಲ್ಲ. "ಅಷ್ಟು ದೊಡ್ಡೋರು ಊಟ ಆಯ್ತಾ ಅಂತ ಕೇಳ್ವಾಗ ನೆಲ ನೋಡ್ಕಂಡ್ ಕೂತ್ಕೊಳೋದಾ? ನಂಗೆ ಅಂಥ ಕೊಬ್ಬು ಇಲ್ಲಪ್ಪ. ಅಲ್ಲದೆ ನಂಗೆ ಕೇಳ್ಸಲ್ಲ ಅನ್ನೋದು ನಿಜ ತಾನೆ, ನಿಜಕ್ಕ್ಯಾಕೆ ನಾಟ್ಕ ಆಡ್ಬೇಕು?" ಎಂದು ನನ್ನ ಮೇಲೆಯೇ ರೇಗಿದಳು. ಅವಳ ಪ್ರಶ್ನೆಗೆ ತಮ್ಮಲ್ಲಿ ಉತ್ತರ ಇದ್ದರೆ ದಯವಿಟ್ಟು ತಿಳಿಸಿ.

ಅವಳು ರೇಗಿದ್ದು ಹತ್ತು ದಿನದ ಹಿಂದೆ. ಈಗ ಅಭ್ಯಾಸ ಮಾಡುತ್ತಿದ್ದಾಳೆ. ದಿನ ಹತ್ತಿರ ಬಂದಂತೆ ಹೆದರಿಕೆ ಬಂದಿದೆ, ಅರ್ಪಿತ ಆ ಜಾಗವನ್ನು ಬೇರೆಯವರಿಗೆ ಕೊಟ್ಟುಬಿಟ್ಟರೆ ಎಂದು. ಮೂರು ದಿನದಿಂದ ನಮ್ಮ ಮನೆಗೆ ಬಂದು ನನ್ನ ಹೆಂಡತಿ ವಾಣಿಯ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ವಾಣಿ ಡಾಕ್ಟರಂತೆ ಹೆಸರು ಕೇಳಬೇಕು, ಊರು ಕೇಳಬೇಕು. ಮೊದಲ ದಿನ ಎರಡು ಪ್ರಶ್ನೆಗೇ ಕಣ್ಣೆತ್ತಿ ಉತ್ತರ ಹೇಳಿಬಿಟ್ಟಳು, ಆಮೇಲೆ ತಲೆ ಚಚ್ಚಿಕೊಂಡಳು. ಎರಡನೆಯ ದಿನ ತುಟಿ ಕಚ್ಚಿಕೊಂಡು ಕೂತಳು. ಇಬ್ಬರು ಹೆಂಗಸರು ಕಣ್ಣಲ್ಲಿ ನೀರು ತುಂಬಿಕೊಂಡು ಈ ನಾಟಕ ಆಡುವುದನ್ನು ಪಕ್ಕದ ಕೋಣೆಯಲ್ಲಿ ಕೂತು ನೋಡುವುದು ನನ್ನ ಹಣೆಬರಹ.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಇಪ್ಪತ್ತೇಳನೆಯ ತಾರೀಖಿಗೂ ಮೊದಲು ಮುನಿರತ್ನಮ್ಮನನ್ನು ಕರೆಸಿ ಯಂತ್ರದಲ್ಲಿ ಪರೀಕ್ಷಿಸಿ. ಯಂತ್ರ ಇನ್ನೂ ರಿಪೇರಿಯಲ್ಲಿದ್ದರೆ ಬೆಂಗಳೂರಿಗೆ ಕಳಿಸಿ, ಕರೆದುಕೊಂಡು ಹೋಗುವ ಜವಾಬ್ದಾರಿ ನನ್ನದು. ಅದೂ ಆಗದಿದ್ದರೆ, ಅವಳನ್ನು ಗೋಡೆಗೆ ಮುಖ ಮಾಡಿ ಕೂರಿಸಿ, ತಾವೇ ಖುದ್ದಾಗಿ ಹಿಂದೆ ನಿಂತು ಊಟ ಆಯಿತೇ ಎಂದು ಕೇಳಿ. ಎಷ್ಟು ಗಟ್ಟಿಯಾಗಿ ಬೇಕಾದರೂ ಕೇಳಿ. ಬಂದ ಉತ್ತರವನ್ನು ತಮ್ಮ ಕೈಯಾರೆ ಬರೆದು ಮೊಹರು ಹಾಕಿ, ಮೂವತ್ತರೊಳಗೆ ಚೀಟಿ ಕೊಡಿ. ಗೈರುಹಾಜರೆಂದು ಹೊಡೆದುಹಾಕಿದವರನ್ನೂ ಮತ್ತೆ ಕರೆಸಿ, ಈ ಸಲ ಪರದೆಯ ಈಚೆಗೆ ಬಂದು ಕರೆಯಲು ಹೇಳಿ.

ಬೇಗ ಎಂದು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. ನಿನ್ನೆ ಸಂಜೆ ಅಭ್ಯಾಸ ಮುಗಿದು ವಾಣಿ ಒಳಗೆ ಹೋದ ಮೇಲೆ ನಾನು ಹೋಗಿ ಅವಳ ಎದುರು ಕೂತೆ. ಅರ್ಜಿಯಲ್ಲಿ ನಾನು ಬರೆದದ್ದಕ್ಕೆ, ಅದಕ್ಕಿಂತ ಹಿಂದೆ ಅವಳು ಶಾಲೆ ಬಿಟ್ಟಾಗ ನಾನು ಸುಮ್ಮನಿದ್ದುದಕ್ಕೆ, ತಪ್ಪಾಯಿತು ಕಣಮ್ಮ ಎಂದೆ. ಮೂವತ್ತಾರು ವರ್ಷದಲ್ಲಿ ಮೊದಲ ಸಲ ಹೇಳಿದೆ. ಅವಳು ನೆಲ ನೋಡಿಕೊಂಡು ಕೂತಿದ್ದಳು. ಒಂದು ಸಲವೂ ತಲೆ ಎತ್ತಿ ನನ್ನ ತುಟಿ ನೋಡಲಿಲ್ಲ. ಆಮೇಲೆ ಎದ್ದು, ಸೆರಗು ಸರಿಮಾಡಿಕೊಂಡು, ಬೆಳಗ್ಗೆ ಬರ್ತೀನಿ ಎಂದು ಹೋದಳು. ಅಷ್ಟು ಚೆನ್ನಾಗಿ ಕಲಿತುಬಿಟ್ಟಿದ್ದಾಳೆ. ಅವಳು ಇನ್ನೂ ಮನುಷ್ಯರ ಮುಖ ನೋಡುತ್ತಿರುವಾಗಲೇ ಕರೆಸಿ.

ಇಂತಿ,
ಒಳ್ಳೆಯ ಇಂಗ್ಲಿಷಿನಲ್ಲಿ ಅರ್ಜಿ ತುಂಬಿ ತಂಗಿಯ ಕೆಲಸ ಕೆಡಿಸಿದ ಅಣ್ಣ,
ಸಂಜೀವಪ್ಪ
ದೊಡ್ಡಬಳ್ಳಾಪುರ